ಸದಸ್ಯರ ಪಟ್ಟಿ ಸಂಘದ ಕೈಯಲ್ಲೇ ಇರಲಿ

ಕರ್ನಾಟಕದ ಒಳಗೂ ಹೊರಗೂ ಇರುವ ಕನ್ನಡ ಸಂಘಗಳು, ಸಾಹಿತ್ಯ ಬಳಗಗಳು, ಹವ್ಯಾಸಿ ರಂಗತಂಡಗಳು ಮತ್ತು ಓದುಗರ ಕೂಟಗಳ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ದೊಡ್ಡ ತಂತ್ರಜ್ಞಾನ ಕಂಪನಿಗಳ ಉಚಿತ ಸೇವೆಗಳನ್ನು ಬಿಟ್ಟು ಖಾಸಗಿತನಕ್ಕೆ ಬೆಲೆ ಕೊಡುವ ತಂತ್ರಾಂಶಗಳನ್ನು ಬಳಸಿ ಎಂಬ ಮಾತನ್ನು ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಹಿಡಿದು ಹೇಳುವುದು ವಾಡಿಕೆ. ಆ ಉಪದೇಶ ಬಹುಪಾಲು ನೀರಿನಲ್ಲಿ ಹೋಮವಾಗುತ್ತದೆ. ಒಬ್ಬರೇ ವಾಟ್ಸ್‌ಆ್ಯಪ್ ಬಿಟ್ಟರೆ ಅವರಿಗೆ ಮದುವೆಯ ಕರೆಯೋಲೆ ಬರುವುದಿಲ್ಲ, ಮಗುವಿನ ಶಾಲೆಗೆ ರಜೆ ಕೊಟ್ಟದ್ದು ತಿಳಿಯುವುದಿಲ್ಲ, ಅಪಾರ್ಟ್‌ಮೆಂಟಿನಲ್ಲಿ ನೀರು ನಿಂತದ್ದು ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ. ಕೆಲವೇ ದಿನಗಳಲ್ಲಿ ಅವರು ಹಿಂದಿರುಗುತ್ತಾರೆ. 2021ರ ಜನವರಿಯಲ್ಲಿ ಇಡೀ ದೇಶ ಇದನ್ನು ನೋಡಿತು. ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನೀತಿಯನ್ನು ಬದಲಿಸಿ, ಒಪ್ಪಿದರೆ ಮಾತ್ರ ಮುಂದುವರಿಯಬಹುದು ಎಂದಾಗ ಜನ ಸಿಗ್ನಲ್ ಎಂಬ ಇನ್ನೊಂದು ಸಂದೇಶ ಆ್ಯಪ್‌ಗೆ ಮುಗಿಬಿದ್ದರು. ನೂಕುನುಗ್ಗಲು ತಾಳಲಾರದೆ ಆ ಸೇವೆ ಕೆಲಹೊತ್ತು ಕೈಕೊಟ್ಟಿತು. ಹೋದವರಲ್ಲಿ ಬಹಳಷ್ಟು ಮಂದಿ ಕೆಲ ವಾರಗಳಲ್ಲಿ ಮತ್ತೆ ಹಳೆಯ ಗುಂಪುಗಳಲ್ಲೇ ಶುಭೋದಯ ಹೇಳುತ್ತಿದ್ದರು. ಅವರ ಸಂಕಲ್ಪ ದುರ್ಬಲವಾಗಿತ್ತು ಎಂದು ನಾನು ತಿಳಿಯುವುದಿಲ್ಲ. ಅವರು ಹೊರಟರು, ಅವರ ಗುಂಪುಗಳು ಹೊರಡಲಿಲ್ಲ.

ಆದ್ದರಿಂದ ಈ ಪತ್ರ ನಿಮಗೆ. ಗುಂಪು ಎಲ್ಲಿ ಸೇರಬೇಕು ಎಂದು ತೀರ್ಮಾನಿಸುವವರು ನೀವು. ಸದಸ್ಯರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಕೇಳುವವರೂ ನೀವೇ. ಒಬ್ಬ ವ್ಯಕ್ತಿ ತನ್ನ ವಿವರಗಳನ್ನು ಯಾವುದೋ ಕಂಪನಿಗೆ ಕೊಟ್ಟರೆ ಅದು ಅವರ ಇಚ್ಛೆ. ಸರಿಯೋ ತಪ್ಪೋ ಅವರೇ ಅನುಭವಿಸುತ್ತಾರೆ. ಸಂಘ ಕೊಟ್ಟರೆ ಹಾಗಲ್ಲ, ಅದು ಬೇರೆಯವರ ಸೊತ್ತನ್ನು ಕೊಟ್ಟ ಹಾಗೆ. ರಾಜ್ಯೋತ್ಸವದ ಊಟಕ್ಕೆ ಹೆಸರು ಬರೆಸಿದ ಹಿರಿಯರೊಬ್ಬರು ತಮ್ಮ ಸಂಖ್ಯೆಯನ್ನು ಸಂಘವನ್ನು ನಂಬಿ ಕೊಟ್ಟಿರುತ್ತಾರೆ, ಕ್ಯಾಲಿಫೋರ್ನಿಯಾದ ಕಂಪನಿಯನ್ನು ನಂಬಿ ಅಲ್ಲ. ವಂತಿಗೆ ಹಣದ ವಿಷಯದಲ್ಲಿ ನಿಮಗೆ ಈ ವಿವೇಕ ಮೊದಲಿನಿಂದಲೂ ಇದೆ. ಖಜಾಂಚಿ ತಮ್ಮ ಸ್ವಂತ ಉಳಿತಾಯ ಖಾತೆಯಲ್ಲಿ ಸಂಘದ ಹಣ ಇಟ್ಟುಕೊಳ್ಳುವುದನ್ನು ಯಾವ ಸಂಘವೂ ಒಪ್ಪುವುದಿಲ್ಲ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ಸರ್ವಸದಸ್ಯರ ಸಭೆಯಲ್ಲಿ ಮಂಡನೆ ಎಲ್ಲವೂ ಇದೆ. ಅದೇ ಸಂಘದ ಸದಸ್ಯರ ಮಾಹಿತಿ ಮಾತ್ರ ಕಾರ್ಯದರ್ಶಿಯ ಖಾಸಗಿ ಜಿಮೇಲ್ ಖಾತೆಯ ಒಂದು ಮೂಲೆಯಲ್ಲಿ, ಲೆಕ್ಕಪತ್ರವಿಲ್ಲದೆ ಬಿದ್ದಿರುತ್ತದೆ.

ಒಂದು ಸಾಮಾನ್ಯ ಗೂಗಲ್ ಫಾರ್ಮನ್ನೇ ಎತ್ತಿಕೊಳ್ಳೋಣ. ವಾರ್ಷಿಕೋತ್ಸವದ ನೋಂದಣಿಗೆಂದು ಯಾರೋ ಹತ್ತು ನಿಮಿಷದಲ್ಲಿ ಮಾಡಿದ್ದು. ಹೆಸರು, ಮೊಬೈಲ್, ಇಮೇಲ್, ಮನೆ ವಿಳಾಸ. ಜನ್ಮದಿನ, ಏಕೆಂದರೆ ಸಂಘದಿಂದ ಶುಭಾಶಯ ಕಳಿಸಬೇಕು. ರಕ್ತದ ಗುಂಪು, ಏಕೆಂದರೆ ಯಾವತ್ತಾದರೂ ಬೇಕಾಗಬಹುದು. ಛದ್ಮವೇಷ ಸ್ಪರ್ಧೆಗೆ ಮಕ್ಕಳ ಹೆಸರು, ವಯಸ್ಸು, ಓದುವ ಶಾಲೆ. ಊಟ ಸಸ್ಯಾಹಾರವೋ ಮಾಂಸಾಹಾರವೋ. ಹುಟ್ಟೂರು. ಇಷ್ಟು ಉತ್ತರಗಳು ಸೇರಿದರೆ ಒಂದು ಕುಟುಂಬದ ಜಾತಕವೇ ಸಿದ್ಧವಾಗುತ್ತದೆ. ಉತ್ತರಗಳೆಲ್ಲ ಒಂದು ಶೀಟಿಗೆ ಹೋಗುತ್ತವೆ. ಊಟದ ಉಸ್ತುವಾರಿ ನೋಡುವವರಿಗೆ, ಬಹುಮಾನ ಕೊಳ್ಳುವವರಿಗೆ, ಬ್ಯಾಡ್ಜ್ ಅಚ್ಚು ಹಾಕಿಸುವವರಿಗೆ ಎಲ್ಲರಿಗೂ ಅದು ಬೇಕು; ಹಾಗಾಗಿ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಮಾಡಿ ಗುಂಪಿಗೆ ಹಾಕುತ್ತಾರೆ. ಕಾರ್ಯಕ್ರಮ ಮುಗಿದು ಶಾಮಿಯಾನ ಬಿಚ್ಚಿದ ಮೇಲೂ ಆ ಲಿಂಕ್ ಬದುಕಿರುತ್ತದೆ. ಅಳಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಅಳಿಸುವುದು ಯಾರ ಕೆಲಸವೂ ಆಗಿರುವುದಿಲ್ಲ. ಇದರಲ್ಲಿ ಗೂಗಲ್ ಕಂಪನಿಯ ತಪ್ಪೆಷ್ಟು, ನಮ್ಮ ಅಜಾಗರೂಕತೆ ಎಷ್ಟು ಎಂದು ಕೇಳಿದರೆ ಎರಡನೆಯದೇ ಹೆಚ್ಚು ಎಂದು ಒಪ್ಪಬೇಕು. ಬರೀ ಆ್ಯಪ್ ಬದಲಿಸಿದರೆ ಈ ರೋಗ ಹೋಗುವುದಿಲ್ಲ. ಕೇಳಬೇಕಾದ್ದನ್ನು ಮಾತ್ರ ಕೇಳುವುದು, ಕೆಲಸ ಮುಗಿದ ಮೇಲೆ ಅಳಿಸುವುದು ಮೊದಲ ಔಷಧಿ.

‘ನಮ್ಮ ಸಂಘದಲ್ಲಿ ಗುಟ್ಟೇನಿದೆ ಸ್ವಾಮಿ?’ ಎಂಬುದು ಇದಕ್ಕೆ ಬರುವ ಮೊದಲ ಉತ್ತರ. ಗುಟ್ಟು ಇರಬೇಕಾಗಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅಪರಾಧ ಮುಚ್ಚಿಡಲು ಬೇಕೆಂದು ಅವರು ಆ ಹಕ್ಕನ್ನು ಕೇಳಲಿಲ್ಲ. ತನ್ನ ಬಗ್ಗೆ ಯಾರಿಗೆ ಎಷ್ಟು ತಿಳಿಯಬೇಕೆಂದು ನಿರ್ಧರಿಸುವ ಅಧಿಕಾರ ಮನುಷ್ಯನಿಗೇ ಇರಬೇಕೆಂದು ಕೇಳಿದರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಈ ಕಾಯ್ದೆ ಕಂಪನಿಗಳಿಗೆ ಮಾತ್ರ ಸೀಮಿತವಲ್ಲ. ನೋಂದಾಯಿತವಾಗಿರಲಿ ಇಲ್ಲದಿರಲಿ, ಜನರು ಸೇರಿ ಮಾಡಿಕೊಂಡ ಕೂಟವೂ ಅದರ ವ್ಯಾಪ್ತಿಗೆ ಬರುತ್ತದೆ. ಮಾಹಿತಿಯನ್ನು ಯಾವ ಕಂಪನಿಯ ಕಂಪ್ಯೂಟರಿನಲ್ಲಿ ಇಟ್ಟರೂ ಹೊಣೆ ಅದನ್ನು ಕೇಳಿ ಪಡೆದವರದ್ದೇ. ಹದಿನೆಂಟು ವರ್ಷದೊಳಗಿನವರ ವಿವರಕ್ಕೆ ತಂದೆತಾಯಿಯ ಒಪ್ಪಿಗೆ ಖಚಿತವಾಗಿ ಇರಬೇಕು. ಛದ್ಮವೇಷದ ಫೋಟೊಗಳನ್ನು ಹೆಸರು, ಶಾಲೆ ಸಮೇತ ಫೇಸ್‌ಬುಕ್ಕಿಗೆ ಏರಿಸುವ ಮುನ್ನ ಇದು ನೆನಪಿರಲಿ. ಕೋಟಿಗಟ್ಟಲೆ ದಂಡದ ಅಂಕಿ ತೋರಿಸಿ ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ; ಮೊಹಲ್ಲೆಯ ಕನ್ನಡ ಸಂಘದ ಮೇಲೆ ನಾಳೆಯೇ ಯಾರೂ ದಾಳಿ ಮಾಡುವುದಿಲ್ಲ. ಆದರೆ ಬ್ರಿಟನ್, ಯುರೋಪಿನಲ್ಲಿರುವ ನಮ್ಮ ಸಂಘಗಳು 2018ರಿಂದಲೇ ಇಂಥದ್ದೇ ಕಾನೂನಿನ ಕೆಳಗೆ ಕೆಲಸ ಮಾಡುತ್ತಿವೆ. ಅವರಿಗೆ ಸಾಧ್ಯವಾದದ್ದು ಇಲ್ಲಿಯವರಿಗೂ ಸಾಧ್ಯ.

ಇನ್ನು ಕಂಪನಿಗಳ ವಿಚಾರ. ಅವರು ರಾಕ್ಷಸರು ಎಂಬ ವಾದ ನನ್ನದಲ್ಲ. ಗೂಗಲ್‌ನ ಒಡೆಯ ಸಂಸ್ಥೆ ಆಲ್ಫಬೆಟ್ 2024ರಲ್ಲಿ ಸುಮಾರು 35,000 ಕೋಟಿ ಡಾಲರ್ ಗಳಿಸಿತು, ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜಾಹೀರಾತಿನದು. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಒಡೆಯ ಸಂಸ್ಥೆ ಮೆಟಾದ ಆದಾಯದಲ್ಲಂತೂ ಜಾಹೀರಾತಿನ ಪಾಲು ನೂರಕ್ಕೆ ತೊಂಬತ್ತೇಳನ್ನು ದಾಟುತ್ತದೆ. ಹೀಗಿದ್ದ ಮೇಲೆ ಜನರ ಬಗ್ಗೆ ಹೆಚ್ಚು ಹೆಚ್ಚು ತಿಳಿದುಕೊಳ್ಳುವುದು ಅವರ ಕಸುಬು. ಯಾರೋ ಕೆಟ್ಟವರು ಅಧಿಕಾರದಲ್ಲಿ ಕೂತಿದ್ದಾರೆ ಎಂಬುದು ಕಾರಣವಲ್ಲ. ಗೂಗಲ್‌ನ ಪರವಾಗಿ ಹೇಳಬೇಕಾದ್ದನ್ನೂ ಹೇಳೋಣ: ಜಾಹೀರಾತಿಗಾಗಿ ಜಿಮೇಲ್ ಪತ್ರಗಳನ್ನು ಜಾಲಾಡುವುದನ್ನು ನಿಲ್ಲಿಸುವುದಾಗಿ ಅದು 2017ರಲ್ಲೇ ಘೋಷಿಸಿತು. ಕಳ್ಳಕಾಕರಿಂದ ಖಾತೆ ಕಾಯುವ ವಿಷಯದಲ್ಲಿ ಅದರ ಸಾಮರ್ಥ್ಯಕ್ಕೆ ಸಾಟಿಯಾಗುವ ಸಂಸ್ಥೆಗಳು ಕಡಿಮೆ. ವಾಟ್ಸ್‌ಆ್ಯಪ್ ಕೂಡ 2016ರಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಬಳಸುತ್ತಿದೆ, ಅಂದರೆ ಸಂದೇಶದ ಒಳಗೇನಿದೆ ಎಂದು ನಡುವಿನವರು ಓದಲಾರರು. ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಬರೆದರು, ಯಾವ ಗುಂಪಿನಲ್ಲಿದ್ದಾರೆ, ಯಾರ ಸಂಖ್ಯೆಗಳನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ ಎಂಬುದು ಮಾತ್ರ ಆ ಬೀಗದ ಹೊರಗೇ ಉಳಿಯುತ್ತದೆ. ಲಕೋಟೆ ಒಡೆಯದೆ ವಿಳಾಸಗಳನ್ನಷ್ಟೇ ವರ್ಷಗಟ್ಟಲೆ ಬರೆದಿಟ್ಟುಕೊಂಡ ಅಂಚೆಯವನಿಗೆ ಊರಿನ ಕಥೆಯೆಲ್ಲ ಗೊತ್ತಿರುತ್ತದೆ.

ನನ್ನ ನಿಜವಾದ ತಕರಾರು ಒಪ್ಪಂದದ ಸ್ವರೂಪದ್ದು. ನಿಯಮ ಬದಲಿಸುವ ಅಧಿಕಾರ ಒಂದೇ ಕಡೆ ಇದೆ. ವಾಟ್ಸ್‌ಆ್ಯಪ್ ಅನ್ನು ಫೇಸ್‌ಬುಕ್ ಕೊಂಡದ್ದು 2014ರಲ್ಲಿ. ಎರಡರ ನಡುವೆ ಮಾಹಿತಿ ಹಂಚಿಕೆ 2016ರಲ್ಲಿ ಶುರುವಾದಾಗ ಬೇಡವೆನ್ನುವ ಒಂದು ಅವಕಾಶವಾದರೂ ಇತ್ತು; 2021ರ ನೀತಿಯಲ್ಲಿ ಅದೂ ಹೋಯಿತು. ಒಪ್ಪು ಇಲ್ಲವೇ ಹೊರಡು ಎಂಬ ಈ ವರಸೆಗಾಗಿಯೇ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ದಂಡವನ್ನು ಉಳಿಸಿತು, ಆದರೆ ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳಬಾರದೆಂಬ ಐದು ವರ್ಷದ ನಿರ್ಬಂಧವನ್ನು ತೆಗೆದುಹಾಕಿತು. ಕಾನೂನಿನ ಹೋರಾಟ ಅದರ ಪಾಡಿಗೆ ನಡೆಯಲಿ. ಇಷ್ಟು ದೊಡ್ಡ ದೇಶದ ಆಯೋಗವೇ ವರ್ಷಗಟ್ಟಲೆ ಹೆಣಗಬೇಕಾದ ಕಡೆ ಒಂದು ಕನ್ನಡ ಸಂಘದ ‘ಒಪ್ಪಿದ್ದೇನೆ’ ಗುಂಡಿಗೆ ಎಷ್ಟು ಬೆಲೆ?

ಮಾಹಿತಿ ಕೊಡುವ ಮಾತು ಹೋಗಲಿ, ಕೊಟ್ಟದ್ದು ಅಲ್ಲಿ ಭದ್ರವಾಗಿ ಉಳಿಯುತ್ತದೆಯೇ? 2000ದ ದಶಕದಲ್ಲಿ ಕನ್ನಡದ ಎಷ್ಟೋ ಚರ್ಚೆಗಳು ನಡೆದದ್ದು ಯಾಹೂ ಗ್ರೂಪ್ಸ್ ಮತ್ತು ಆರ್ಕುಟ್‌ನಲ್ಲಿ. ಹಳಗನ್ನಡದ ಅರ್ಥ ಬಿಡಿಸಿದ ಪತ್ರಗಳು, ಸಿನಿಮಾ ಜಗಳಗಳು, ಪರದೇಶದ ಊರುಗಳಲ್ಲಿ ಸಂಘ ಕಟ್ಟಿದ ಕಥೆಗಳು ಅಲ್ಲಿದ್ದವು. ಗೂಗಲ್ ಆರ್ಕುಟ್ಟನ್ನು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಯಾಹೂ ಗ್ರೂಪ್ಸ್‌ನ ಹಳೆಯ ಸರಕು 2019ರ ಕೊನೆಯಲ್ಲಿ ಅಳಿಸಿಹೋಗಿ, 2020ರ ಡಿಸೆಂಬರಿನಲ್ಲಿ ಸೇವೆಯೇ ನಿಂತಿತು. ಈಗಲೂ ಅಪಾಯ ಕಮ್ಮಿಯಾಗಿಲ್ಲ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಗೂಗಲ್ ಖಾತೆಯನ್ನು ಅದರಲ್ಲಿರುವ ಪತ್ರ, ಫೋಟೊ, ಕಡತಗಳ ಸಮೇತ ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹಿಂದಿನ ಕಾರ್ಯದರ್ಶಿಯ ಕಾಲದಲ್ಲಿ ತೆರೆದು, ಪಾಸ್‌ವರ್ಡ್ ಮರೆತು ಕೈಬಿಟ್ಟ ಖಾತೆಯಲ್ಲಿ ನಿಮ್ಮ ಬೆಳ್ಳಿಹಬ್ಬದ ಫೋಟೊಗಳಿವೆಯೇ? ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು. ಹಣ ಕೊಟ್ಟು ಕೊಂಡವರಿಗೂ ಅಭಯವಿಲ್ಲ ಎಂಬುದಕ್ಕೆ ನಯಾರಾ ಎನರ್ಜಿಯ ಪ್ರಸಂಗವಿದೆ. ಗುಜರಾತಿನ ವಾಡಿನಾರಿನಲ್ಲಿ ತೈಲ ಸಂಸ್ಕರಣಾಗಾರ ಇರುವ ಈ ಕಂಪನಿಯ ಮೇಲೆ ಐರೋಪ್ಯ ಒಕ್ಕೂಟ 2025ರ ಜುಲೈಯಲ್ಲಿ ನಿರ್ಬಂಧ ಹೇರಿದಾಗ ಮೈಕ್ರೊಸಾಫ್ಟ್ ಅದರ ಇಮೇಲ್ ಮೊದಲಾದ ಸೇವೆಗಳನ್ನು ತಡೆಯಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದರು. ನಿಮ್ಮ ಖಾತೆಗೆ ಬೀಗ ಬಿದ್ದರೆ ದೂರು ಹೇಳಲು ಒಂದು ಫೋನ್ ನಂಬರೂ ಸಿಗುವುದಿಲ್ಲ.

ಬರೆದಿಟ್ಟದ್ದು ಹೀಗೆ ಕೈತಪ್ಪುವ ಅನುಭವ ಕನ್ನಡಿಗರಿಗೆ ಹೊಸದೂ ಅಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಲ್ಲೇ ಸೇರಿತ್ತು. ಆದರೂ ಅದು ಕಂಪ್ಯೂಟರುಗಳಲ್ಲಿ ಸರಿಯಾಗಿ ಮೂಡುವಂತಾಗಲು ವರ್ಷಗಳು ಹಿಡಿದವು; ಅಷ್ಟರಲ್ಲಿ ನಾವು ಶ್ರೀಲಿಪಿ, ಆಕೃತಿ, ಬರಹ, ನುಡಿಗಳ ಬೇರೆ ಬೇರೆ ಫಾಂಟುಗಳಲ್ಲಿ ಬರೆದು ಗುಡ್ಡೆ ಹಾಕಿದೆವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಎಷ್ಟೋ ಸಲ ಸರಿಯಾಗಿ ತೆರೆಯುತ್ತಿರಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಎಷ್ಟೋ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳು ಇವತ್ತಿಗೂ ಡಿಟಿಪಿ ಅಂಗಡಿಯ ಸಿಡಿಯಲ್ಲಿ ಆ ಸ್ಥಿತಿಯಲ್ಲೇ ಇವೆ; ಹುಡುಕಿದರೆ ಸಿಗುವುದಿಲ್ಲ, ಪ್ರತಿ ಮಾಡಿದರೆ ಅರ್ಥವಾಗುವುದಿಲ್ಲ. ಅವುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕಟ್ಟಿ ಉಚಿತವಾಗಿ ಹಂಚಿದವರಲ್ಲಿ ಸ್ವಯಂಸೇವಕರು ಅನೇಕರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಅಂಥವರ ಶ್ರಮದಿಂದಲೇ ಬಂದವು. ಅದಕ್ಕೂ ಮೊದಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವಿರದಿದ್ದರೆ ಇವತ್ತು ನಾವು ಇಷ್ಟು ಸಲೀಸಾಗಿ ಕನ್ನಡ ಟೈಪ್ ಮಾಡುತ್ತಿರಲಿಲ್ಲ. (ನ್ಯಾಯವಾಗಿ ಹೇಳುವುದಾದರೆ, ನೋಟೊ ಸರಣಿಯ ಕನ್ನಡ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟದ್ದು ಗೂಗಲ್ಲೇ.) ಒಂದು ತಂತ್ರಾಂಶವನ್ನು ಅಳೆಯುವಾಗ ಅದು ಎಷ್ಟು ಚೆನ್ನಾಗಿದೆ ಎಂಬುದರ ಜೊತೆಗೆ, ನಾಳೆ ಅದನ್ನು ಬಿಟ್ಟು ಹೊರಟರೆ ನಮ್ಮ ಗಂಟುಮೂಟೆ ನಮ್ಮ ಜೊತೆ ಬರುತ್ತದೆಯೇ ಎಂದೂ ಕೇಳಬೇಕೆಂಬುದನ್ನು ಕನ್ನಡದ ಕಡತಗಳೇ ನಮಗೆ ಕಲಿಸಿವೆ.

ಇದೇ ಅಳತೆಗೋಲಿನಿಂದ ‘ಸ್ವದೇಶಿ ಆ್ಯಪ್ ಬಳಸಿದರೆ ಸಾಕಲ್ಲ?’ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟ ‘ಕೂ’ ನೆನಪಿದೆಯಲ್ಲ? ಟ್ವಿಟರಿಗೆ ನಮ್ಮದೇ ಉತ್ತರ ಎಂದು ಮಂತ್ರಿಗಳೂ ನಟರೂ ಅಲ್ಲಿ ಖಾತೆ ತೆರೆದರು. 2024ರ ಜುಲೈಯಲ್ಲಿ ಅದು ಮುಚ್ಚಿತು. ಅದನ್ನು ಕಟ್ಟಿದವರ ದುಡಿಮೆಯನ್ನು ನಾನು ಹಗುರ ಮಾಡುತ್ತಿಲ್ಲ, ಮಾರುಕಟ್ಟೆಯ ಕಥೆಯೇ ಹಾಗೆ. 2025ರಲ್ಲಿ ಜೋಹೊ ಕಂಪನಿಯ ಅರಟ್ಟೈ ಎಂಬ ಸಂದೇಶ ಆ್ಯಪ್‌ಗೆ ಜನ ಧಾವಿಸಿದಾಗ ಅದರ ಪಠ್ಯ ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇದ್ದದ್ದು ಇಲ್ಲಿ ಇಲ್ಲದಿದ್ದರೂ ದೇಶಪ್ರೇಮದ ಭರದಲ್ಲಿ ಕೇಳಿದವರು ಕಡಿಮೆ. ಕಂಪನಿಯ ಕಚೇರಿ ಚೆನ್ನೈಯಲ್ಲಿದೆಯೋ ಕ್ಯಾಲಿಫೋರ್ನಿಯಾದಲ್ಲಿದೆಯೋ ಎಂಬುದಕ್ಕಿಂತ ಮುಖ್ಯವಾದ ಮೂರು ಪ್ರಶ್ನೆಗಳಿವೆ. ಒಳಗಿನ ಕೋಡನ್ನು ಹೊರಗಿನವರು ಪರೀಕ್ಷಿಸಬಹುದೇ? ನಮ್ಮ ಮಾಹಿತಿಯನ್ನು ಬೇರೆ ಕಡೆ ತೆರೆಯುವ ರೂಪದಲ್ಲಿ ಹೊರತೆಗೆಯಬಹುದೇ? ಸಂಸ್ಥೆಯ ಹೊಟ್ಟೆಪಾಡು ಯಾವುದರಿಂದ ನಡೆಯುತ್ತದೆ? ಸ್ವದೇಶಿ ಸೇವೆ ಇವುಗಳಿಗೆ ಒಳ್ಳೆಯ ಉತ್ತರ ಕೊಟ್ಟರೆ ಸಂತೋಷದಿಂದ ಬಳಸೋಣ.

ಹಾಗಾದರೆ ಎಲ್ಲಿಂದ ಶುರು? ಎಲ್ಲರೂ ವಾಟ್ಸ್‌ಆ್ಯಪ್‌ನಿಂದ ಆರಂಭಿಸುತ್ತಾರೆ, ಅಲ್ಲೇ ಸೋಲುತ್ತಾರೆ. ಅದು ಕೊನೆಗಿರಲಿ. ಮೊದಲು ಸಂಘದ ಹೆಸರಿನಲ್ಲಿ ಒಂದು ಡೊಮೈನ್, ಅಂದರೆ ಸಂಘದ್ದೇ ಆದ ಅಂತರಜಾಲ ವಿಳಾಸ ಕೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು, ಅತಿಥಿಯೊಬ್ಬರಿಗೆ ಹಾಕುವ ಪೇಟ, ಶಾಲು, ಹಾರದ ಖರ್ಚು. ನೋಂದಣಿ ಕಾರ್ಯದರ್ಶಿಯ ಹೆಸರಿನಲ್ಲಿ ಬೇಡ, ಸಂಘದ ಹೆಸರಿನಲ್ಲೇ ಇರಲಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಗಳ ಹೆಸರಿನಲ್ಲಿ ಇಮೇಲ್ ವಿಳಾಸಗಳನ್ನು ಮಾಡಿ. ಚುನಾವಣೆಯಾದಾಗ ಬೀರುವಿನ ಬೀಗದ ಕೈ ಜೊತೆಗೆ ಪಾಸ್‌ವರ್ಡೂ ಕೈ ಬದಲಾಗಲಿ. ಜಾಹೀರಾತಿನ ಹಂಗಿಲ್ಲದೆ ಹಣ ಪಡೆದು ಅಂಚೆ ನಡೆಸುವ ಸಂಸ್ಥೆಗಳು ಹಲವು ಇವೆ, ಸ್ವಿಟ್ಜರ್ಲೆಂಡಿನ ಪ್ರೋಟಾನ್ ಅವುಗಳಲ್ಲೊಂದು. ಅದರ ಮಿತಿಯೂ ಗೊತ್ತಿರಲಿ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇಲೆ ಫ್ರಾನ್ಸಿನ ಒಬ್ಬ ಹೋರಾಟಗಾರರ ಐಪಿ ವಿಳಾಸವನ್ನು ಅದು ಕೊಡಬೇಕಾಯಿತು. 2025ರ ಏಪ್ರಿಲಿನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟು, ಅಶ್ಲೀಲ ಇಮೇಲ್‌ಗಳ ದೂರಿನ ಪ್ರಕರಣವೊಂದರಲ್ಲಿ, ಪ್ರೋಟಾನ್ ಮೇಲ್ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ಸೂಚಿಸಿತು. ‘ನೋಡಿ, ಇವೂ ನೆಚ್ಚುವಂಥವಲ್ಲ’ ಎನ್ನುವವರಿಗೆ ನನ್ನ ಉತ್ತರ ಡೊಮೈನೇ. ವಿಳಾಸ ನಿಮ್ಮದಾಗಿದ್ದರೆ ಅಂಚೆ ನಡೆಸುವವರನ್ನು ಒಂದು ಸಂಜೆಯಲ್ಲಿ ಬದಲಿಸಬಹುದು, ಸದಸ್ಯರಿಗೆ ಅದರ ಸುಳಿವೂ ಸಿಗುವುದಿಲ್ಲ. ಜಿಮೇಲ್ ವಿಳಾಸವಾದರೆ ಕಂಪನಿ ಬಿಟ್ಟ ದಿನವೇ ವಿಳಾಸವೂ ಹೋಯಿತು. ಯಾವ ಸೇವೆಯೂ ಶಾಶ್ವತವಲ್ಲ ಎಂದು ಮೊದಲೇ ಒಪ್ಪಿಕೊಂಡು ಕಟ್ಟುವುದು ಜಾಣತನ.

ಎರಡನೆಯ ಹೆಜ್ಜೆ ಸದಸ್ಯರ ಪಟ್ಟಿ ಮತ್ತು ಫಾರ್ಮು. ಇನ್ನೂರು ಮುನ್ನೂರು ಸದಸ್ಯರಿರುವ ಸಂಘಕ್ಕೆ ಕ್ಲೌಡ್ ಬೇಕೇ ಬೇಕೆಂದಿಲ್ಲ. ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದ ಒಂದು ಶೀಟು, ಅದಕ್ಕೊಂದು ಪಾಸ್‌ವರ್ಡು, ಬೇರೆ ಮನೆಯಲ್ಲಿಟ್ಟ ಒಂದು ಪ್ರತಿ ಸಾಕು. ಹಲವರು ಕೂಡಿ ಕೆಲಸ ಮಾಡಬೇಕಾದಾಗ ಕ್ರಿಪ್ಟ್‌ಪ್ಯಾಡ್ ನೋಡಿ. ಬರೆದದ್ದು ನಿಮ್ಮ ಬ್ರೌಸರಿನಲ್ಲೇ ಗೂಢಲಿಪಿಯಾಗಿ ಹೋಗುವುದರಿಂದ ಸರ್ವರ್ ನಡೆಸುವವರಿಗೂ ಓದಲು ಬರುವುದಿಲ್ಲ, ಫಾರ್ಮ್ ಮಾಡುವ ಸೌಲಭ್ಯವೂ ಇದೆ. ದೊಡ್ಡ ಸಂಘಗಳಿಗೆ ಸ್ವಂತ ಸರ್ವರಿನಲ್ಲಿ ಕಡತ ಇಡಲು ನೆಕ್ಸ್ಟ್‌ಕ್ಲೌಡ್ ಹೊಂದುತ್ತದೆ. ಆದರೆ ಕಂಪ್ಯೂಟರ್ ಬಲ್ಲ ಉತ್ಸಾಹಿ ಸದಸ್ಯರೊಬ್ಬರ ಮನೆಯ ಅಟ್ಟದ ಮೇಲಿನ ಹಳೆಯ ಯಂತ್ರದಲ್ಲಿ ಅದನ್ನು ಕೂರಿಸಬೇಡಿ. ಅವರು ಕೆಲಸ ಬದಲಿಸಿ ಪುಣೆಗೆ ಹೋದರೆ ಸಂಘದ ನೆನಪೂ ಪುಣೆಗೆ ಹೋಗುತ್ತದೆ. ಹಣ ಕೊಟ್ಟು ನಡೆಸಿಸುವುದೇ ಮೇಲು. ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಬೇಕು. ನಮ್ಮಲ್ಲಿ ಮುಚ್ಚಿಡಬೇಕಾದ ಪಟ್ಟಿಗಳು ತೆರೆದಿರುತ್ತವೆ, ತೆರೆದಿಡಬೇಕಾದ ಸಂಪತ್ತು ಮುಚ್ಚಿರುತ್ತದೆ. ಹಿರಿಯ ಲೇಖಕರ ಉಪನ್ಯಾಸ, ನಾಟಕದ ಫೋಟೊ, ಸ್ಮರಣ ಸಂಚಿಕೆಗಳು ಲಾಗಿನ್ ಆದವರಿಗಷ್ಟೇ ಕಾಣುವ ಫೇಸ್‌ಬುಕ್ ಗುಂಪಿನಲ್ಲಿ ಕೂತಿವೆ. ಒಪ್ಪಿಗೆ ಪಡೆದು ಅವನ್ನು ವಿಕಿಮೀಡಿಯ ಕಾಮನ್ಸ್‌ಗೋ ಇಂಟರ್ನೆಟ್ ಆರ್ಕೈವ್‌ಗೋ ಸೇರಿಸಿದರೆ ಶಿರಸಿಯ ವಿದ್ಯಾರ್ಥಿಗೂ ಸಿಗುತ್ತವೆ, ಸಿಂಗಪುರದವರಿಗೂ ಸಿಗುತ್ತವೆ.

ಕೊನೆಗೆ ಗುಂಪು. ಸಿಗ್ನಲ್ ಅನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಒಂದು ಪ್ರತಿಷ್ಠಾನ. 2018ರಲ್ಲಿ ಅದಕ್ಕೆ 5 ಕೋಟಿ ಡಾಲರ್ ಕೊಟ್ಟು ನೆಲೆ ನಿಲ್ಲಿಸಿದವರು ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬ್ರಯಾನ್ ಆಕ್ಟನ್ ಎಂಬುದು ಯೋಚಿಸಬೇಕಾದ ಸಂಗತಿ. 2016ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಒಂದು ಖಾತೆಯ ವಿವರ ಕೇಳಿದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ. ಉಳಿದದ್ದು ಅದರ ಬಳಿ ಇರಲೇ ಇಲ್ಲ. ಖಾತೆ ತೆರೆಯಲು ಮೊಬೈಲ್ ಸಂಖ್ಯೆ ಬೇಕು, ಇದು ಅದರ ಕೊರತೆ. ಆದರೆ 2024ರಿಂದ ಆ ಸಂಖ್ಯೆ ಗುಂಪಿನ ಅಪರಿಚಿತರಿಗೆ ತಾನಾಗಿ ಕಾಣುವುದಿಲ್ಲ. ಮಹಿಳಾ ಸದಸ್ಯರಿಗೆ ಇದರ ಬೆಲೆ ಗೊತ್ತು. ಸಂಘದ ಗುಂಪಿನಿಂದ ನಂಬರು ತೆಗೆದುಕೊಂಡು ಬೇಡದ ಸಂದೇಶ ಕಳಿಸುವವರ ಕಾಟವನ್ನು ಅವರೇ ವಿವರಿಸಲಿ, ಕೇಳಿನೋಡಿ. ಎಲಿಮೆಂಟ್ ಎಂಬ ಸಂದೇಶ ಆ್ಯಪ್ ತಾತ್ವಿಕವಾಗಿ ಇನ್ನೂ ಮೇಲು, ಆದರೆ 2023ರ ಮೇಯಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ ಹದಿನಾಲ್ಕು ಆ್ಯಪ್‌ಗಳಲ್ಲಿ ಅದೂ ಒಂದು. ಹಾಗಾಗಿ ಸಂಘಗಳಿಗೆ ನಾನು ಅದನ್ನು ಸೂಚಿಸಲಾರೆ. ವಾಟ್ಸ್‌ಆ್ಯಪ್ ಗುಂಪನ್ನು ಒಂದೇ ಏಟಿಗೆ ಮುಚ್ಚಬೇಕೆಂದೂ ಹೇಳುವುದಿಲ್ಲ. ಕಾರ್ಯಕಾರಿ ಸಮಿತಿಯ ಚರ್ಚೆ ಮೊದಲು ಸಿಗ್ನಲ್‌ಗೆ ಬರಲಿ. ಹಳೆಯ ಗುಂಪು ಪ್ರಕಟಣೆಗಷ್ಟೇ ಉಳಿಯಲಿ. ಎಪ್ಪತ್ತೈದು ದಾಟಿದ ಆಜೀವ ಸದಸ್ಯರನ್ನು ತಂತ್ರಜ್ಞಾನದ ಹೆಸರಿನಲ್ಲಿ ಹೊರಗಿಟ್ಟರೆ ಅದು ಯಾವ ನೈತಿಕತೆ? ಅವರಿಗೆ ಒಂದು ಎಸ್‌ಎಂಎಸ್ ಹೋಗಲಿ, ಸಾಧ್ಯವಾದರೆ ಒಂದು ಫೋನ್ ಕರೆ.

‘ಇಂಥ ಪ್ರಯತ್ನಗಳು ಕೊನೆಗೆ ಬೀಳುತ್ತವೆ’ ಎನ್ನುವವರು ಜರ್ಮನಿಯ ಮ್ಯೂನಿಕ್ ನಗರವನ್ನು ತೋರಿಸುತ್ತಾರೆ. ಆ ನಗರಾಡಳಿತ ಸುಮಾರು 15,000 ಕಂಪ್ಯೂಟರುಗಳನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ತಂದು, 2017ರಲ್ಲಿ ಮತ್ತೆ ವಿಂಡೋಸ್ ಕಡೆಗೆ ಹೊರಳುವ ನಿರ್ಣಯ ಮಾಡಿತು. ನಿಜ. ಅಧಿಕಾರದಲ್ಲಿದ್ದವರು ಬದಲಾದಾಗ ಮನಸ್ಸೂ ಬದಲಾಯಿತು, ನೌಕರರ ದೂರುಗಳೂ ಇದ್ದವು. ಆದರೆ ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಯಂತ್ರಗಳಿಗೆ ಲಿಬ್ರೆಆಫೀಸ್ ತರುವುದಾಗಿ ಸಾರಿ, ಮರುವರ್ಷ ಇಮೇಲ್ ವ್ಯವಸ್ಥೆಯನ್ನೂ ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಿತು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಹತ್ತಿರ ಹತ್ತಿರ ಎರಡು ದಶಕದಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು, ಮಲಯಾಳಂನಲ್ಲಿ ಎಲ್ಲ ಸರಿಯಾಗಿ ಮೂಡುವಂತೆ ನೋಡಿಕೊಂಡರು. ತಂತ್ರಾಂಶದ ಗುಣಕ್ಕಿಂತ ಸಂಸ್ಥೆಯ ಪಟ್ಟು ಫಲಿತಾಂಶವನ್ನು ನಿರ್ಧರಿಸಿದೆ. ನಮ್ಮ ಸಂಘಗಳಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಫ್ರಾನ್ಸಿನ ಫ್ರಾಮಾಸಾಫ್ಟ್. ಅದು ಕಂಪನಿಯಲ್ಲ, ನಿಮ್ಮ ಹಾಗೆಯೇ ನೋಂದಾಯಿತ ಸಂಘ. ಹತ್ತರ ಆಸುಪಾಸಿನ ನೌಕರರು, ಜನರ ದೇಣಿಗೆ, ಉಳಿದದ್ದು ಸ್ವಯಂಸೇವೆ. 2014ರಲ್ಲಿ ಗೂಗಲ್ ಸೇವೆಗಳಿಗೆ ಪರ್ಯಾಯ ಕೊಡುವ ಅಭಿಯಾನ ಆರಂಭಿಸಿ ಫಾರ್ಮು, ದಿನ ನಿಗದಿ, ದಸ್ತಾವೇಜು ಮುಂತಾದ ಸೇವೆಗಳನ್ನು ಒಂದೊಂದಾಗಿ ಕೊಟ್ಟಿತು. ಎಲ್ಲರೂ ತನ್ನ ಮೇಲೇ ಬೀಳುತ್ತಿದ್ದಾರೆ ಎಂದು ಕಂಡಾಗ ಕೆಲವು ಸೇವೆಗಳನ್ನು ತಾನೇ ನಿಲ್ಲಿಸಿ, ತಾನು 2016ರಲ್ಲಿ ಹುಟ್ಟುಹಾಕಿದ ಸಣ್ಣ ಸಣ್ಣ ಸೇವಾ ಸಂಸ್ಥೆಗಳ ಒಕ್ಕೂಟದ ಕಡೆಗೆ ಜನರನ್ನು ಕಳಿಸಿತು. ಜಿಲ್ಲೆಯ ಹತ್ತು ಸಂಘಗಳು ಸೇರಿ ಒಂದು ಸರ್ವರ್ ಬಾಡಿಗೆಗೆ ಹಿಡಿಯುವುದು, ಎಂಜಿನಿಯರುಗಳಿಂದ ತುಂಬಿದ ಹೊರದೇಶದ ಕನ್ನಡ ಕೂಟವೊಂದು ಅದರ ನಿರ್ವಹಣೆಗೆ ಕೈಜೋಡಿಸುವುದು ಅಸಾಧ್ಯದ ಮಾತೇನಲ್ಲ. ಮುಕ್ತ ತಂತ್ರಾಂಶ ಆಂದೋಲನದ ಗೆಳೆಯರು ಬೆಂಗಳೂರಿನಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ.

ಅನುಕೂಲ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕ್ರಿಪ್ಟ್‌ಪ್ಯಾಡಿನಲ್ಲಿ ಪಾಸ್‌ವರ್ಡ್ ಮರೆತರೆ ಕಂಪನಿ ಹುಡುಕಿಕೊಡುವುದಿಲ್ಲ, ಏಕೆಂದರೆ ಅದರ ಬಳಿಯೂ ಬೀಗದ ಕೈ ಇರುವುದಿಲ್ಲ. ಲಿಬ್ರೆಆಫೀಸಿನಲ್ಲಿ ತೆರೆದ ವರ್ಡ್ ಕಡತದ ಅಂಚು ಕೆಲವೊಮ್ಮೆ ಜರುಗುತ್ತದೆ. ಯಾರೋ ಒಬ್ಬರು ಕೂತು ಕಲಿಯಬೇಕು, ಉಳಿದವರಿಗೆ ತಾಳ್ಮೆಯಿಂದ ಕಲಿಸಬೇಕು. ಸಂಘದ ಕೆಲಸವೆಂದರೆ ಮೊದಲಿನಿಂದಲೂ ಇಷ್ಟೇ ಅಲ್ಲವೇ?

ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಒಂದು ವಿಷಯ ಸೇರಿಸಿ ಎಂಬುದು ನನ್ನ ಕೋರಿಕೆ. ಸದಸ್ಯರ ಯಾವ ಮಾಹಿತಿ ಸಂಘದ ಬಳಿ ಇದೆ, ಎಲ್ಲಿದೆ, ಯಾರ ಖಾತೆಯಲ್ಲಿದೆ ಎಂದು ಕಾರ್ಯದರ್ಶಿ ಒಂದು ಪುಟದ ವರದಿ ಓದಲಿ. ಹಳೆಯ ಕಾರ್ಯಕ್ರಮಗಳ ಫಾರ್ಮುಗಳನ್ನೂ ಶೀಟುಗಳನ್ನೂ ಅಳಿಸಲು, ಸಂಘದ ಹೆಸರಿನಲ್ಲಿ ಡೊಮೈನ್ ಕೊಳ್ಳಲು, ಒಂದು ವರ್ಷದೊಳಗೆ ಸದಸ್ಯರ ಪಟ್ಟಿಯನ್ನು ಖಾಸಗಿ ಖಾತೆಗಳಿಂದ ಹೊರತರಲು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಲೆಕ್ಕಪತ್ರ ಒಪ್ಪಿಸುವಾಗ ಅದರ ಜೊತೆಗೇ ಇದನ್ನೂ ಪ್ರತಿ ವರ್ಷ ಒಪ್ಪಿಸಿ. ವಾಟ್ಸ್‌ಆ್ಯಪ್ ಬಿಡುವುದೋ ಬೇಡವೋ ಎಂಬ ಚರ್ಚೆಯನ್ನು ಬೇಕಾದರೆ ಮರುವರ್ಷಕ್ಕೆ ಇಟ್ಟುಕೊಳ್ಳಿ.

ಇತಿ,
ನಿಮ್ಮ ಪಟ್ಟಿಗಳಲ್ಲಿ ಹೆಸರಿರುವ ಒಬ್ಬ ಸದಸ್ಯ